ಕಕ್ಕಡ ಮಳೆಯಲ್ಲಿ ಹೊಸ ಸೊಂಟ

ಹೊಸ ಕೀಲು ಮನೆಗೆ ಬಂದಾಗಿನಿಂದ ಇವತ್ತಿನವರೆಗೆ ಒಂದು ತಕರಾರೂ ಮಾಡಿಲ್ಲ. ತಕರಾರೆಲ್ಲ ಹಳೇ ಸಾಮಾನಿನದು. ಎಡ ಸೊಂಟಕ್ಕೆ ಮಾತ್ರ ಹೊಸ ಬಿಡಿಭಾಗ ಬಂದದ್ದು ನೋಡಿ ಬಲ ಮಂಡಿಗೆ ಹೊಟ್ಟೆಕಿಚ್ಚು ಹತ್ತಿತು. ಇಷ್ಟು ವರ್ಷ ದುಡಿದ ತನ್ನನ್ನು ಯಾರೂ ಕೇಳಲಿಲ್ಲ ಅಂತ ಬೆನ್ನು ಮುಷ್ಕರ ಹೂಡಿತು. ವಾಕರ್ ಹಿಡಿದು ಹಿಡಿದು ಅಂಗೈಯಲ್ಲಿ ಗುಳ್ಳೆ, ಅಂಗಾತ ಮಲಗಿ ಮಲಗಿ ಹಿಮ್ಮಡಿಯಲ್ಲಿ ಉರಿ. ನೋವಿನ ಮಾತ್ರೆ ಹೊಟ್ಟೆಗೆ ಏನು ಮಾಡಿತು ಅನ್ನುವುದನ್ನು ಸಭ್ಯ ಓದುಗರ ಮುಂದೆ ಬಿಡಿಸಿ ಹೇಳುವುದಿಲ್ಲ; ಪಪ್ಪಾಯ, ಒಣದ್ರಾಕ್ಷಿ, ಇಸಬ್‌ಗೋಲು ಮೂರೂ ಸೇರಿ ಸೋತವು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಸೊಂಟದ ಕೀಲು ಬದಲಿಸುವ ಆಪರೇಷನ್ನಿಗೆ ಮಳೆಗಾಲವನ್ನು ಆರಿಸಿದ್ದು ನಮ್ಮ ಯಜಮಾನರು. ಕಾಫಿ ತೋಟದವರ ಮನೆಯಲ್ಲಿ ಕಾಯಿಲೆಗೂ ಸೀಸನ್ ಇದೆ. ಡಿಸೆಂಬರಿನಿಂದ ಫೆಬ್ರವರಿ ಕಳೆಯುವ ತನಕ ಕೊಯ್ಲು, ಕಣ, ಕೂಲಿ ಲೆಕ್ಕ. ಆಮೇಲೆ ಕಾಫಿ ಗಿಡ ಅರಳಿಸುವ ಹೂಮಳೆ ಬರುತ್ತೋ ಇಲ್ಲವೋ ಅಂತ ಆಕಾಶ ನೋಡುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಎಳೆಸುವುದು. ಅದು ಮುಗಿಯಿತೆನ್ನುವಷ್ಟರಲ್ಲಿ ಗೊಬ್ಬರ, ನೆರಳು ಮರದ ಕೊಂಬೆ ಸವರುವ ಮರಗಸಿ. "ಜುಲೈಯಲ್ಲಾದರೆ ಹೆಂಗೂ ಯಾರೂ ಹೊರಗೆ ಕಾಲಿಡಕ್ಕಾಗಲ್ಲ, ನೀನೂ ಇಡಬೇಡ" ಎಂದರು. ಮೃದ್ವಸ್ಥಿ ಪೂರ್ತಿ ಸವೆದು ಮೂಳೆಗೆ ಮೂಳೆ ತಿಕ್ಕುತ್ತಿದ್ದ ಸೊಂಟ ಅವರ ಕ್ಯಾಲೆಂಡರಿಗೆ ಕಾದು ಕೂತಿತು.

ಆಪರೇಷನ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಜೋಮು ಹಿಡಿಸಿದರು, ಕಿವಿಗೆ ಮಾತ್ರ ಯಾರೂ ಸೂಜಿ ಹಾಕಲಿಲ್ಲ. ಪರದೆಯಾಚೆ ಗರಗಸ, ಸುತ್ತಿಗೆ ಸದ್ದು ಕೇಳುತ್ತಾ, ನಮ್ಮ ಮನೆ ಮೊಗಸಾಲೆಗೆ ಬಾಗಿಲು ಕೂರಿಸಿದ ಆಚಾರಿ ಇಷ್ಟು ಶ್ರದ್ಧೆಯಿಂದ ಹೊಡೆದಿದ್ದರೆ ಅದು ಮಳೆಗಾಲದಲ್ಲಿ ಉಬ್ಬುತ್ತಿರಲಿಲ್ಲವಲ್ಲ ಅಂದುಕೊಂಡೆ. ಮರುದಿನವೇ ಎಬ್ಬಿಸಿ ನಿಲ್ಲಿಸಿದರು.

ನಿಜವಾದ ಆಪರೇಷನ್ ನಡೆದದ್ದು ಮನೆಗೆ ಬರುವ ದಾರಿಯಲ್ಲಿ. ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ ದಾಟಿ ಸುಂಟಿಕೊಪ್ಪದಲ್ಲಿ ಮಾದಾಪುರದ ಕಡೆ ತಿರುಗಬೇಕು. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಒರಗಿಸಿ, ದಿಂಬಿಟ್ಟು, ಸುಲಭವಾಗಿ ತಿರುಗಲಿ ಅಂತ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ ನನ್ನನ್ನು ಕೂರಿಸಿದ್ದರು. ಹತ್ತುವಾಗ ಆ ಹಾಳೆ ತುಂಬ ಉಪಕಾರ ಮಾಡಿತು. ಹತ್ತಿದ ಮೇಲೂ ತನ್ನ ಕೆಲಸ ನಿಲ್ಲಿಸಲಿಲ್ಲ. ಪ್ರತಿ ಹಂಪಿಗೂ ನಾನು ಸೀಟಿನ ತುದಿಗೆ ಜಾರುವುದು, ಯಜಮಾನರು ಕಾರು ನಿಲ್ಲಿಸಿ ನನ್ನನ್ನು ಹಿಂದಕ್ಕೆ ಎಳೆಯುವುದು. ನಮ್ಮ ನಾಡಿನಲ್ಲಿ ಒಂದು ಟೀ ಅಂಗಡಿ, ಒಂದು ಶಾಲೆ, ಒಬ್ಬ ಮಾಜಿ ಸದಸ್ಯರ ಮನೆ ಇದ್ದರೆ ಮೂರು ಹಂಪು ಖಾತ್ರಿ.

ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ದಪ್ಪಕ್ಷರದಲ್ಲಿದ್ದದ್ದು ಒಂದೇ ಮಾತು: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು. ಹಿಂಬದಿಯಿಂದ ಕೊಯ್ಸಿಕೊಂಡವರಿಗೆ ಇದು ಲಕ್ಷ್ಮಣರೇಖೆ. ದಾಟಿದರೆ ಹೊಸ ಕೀಲಿನ ಗುಂಡು ತಾನು ಕೂತ ಬಟ್ಟಲು ಬಿಟ್ಟು ಹೊರಬರಬಹುದು. ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು, ಮಲಗಿದರೆ ಕಾಲುಗಳ ನಡುವೆ ದಿಂಬು. ನಮ್ಮವರು ಅಂದಾಜಿನ ಮನುಷ್ಯರಲ್ಲ. ಅಟ್ಟದಿಂದ ಬಡಗಿ ಸಾಮಾನಿನ ಪೆಟ್ಟಿಗೆ ಇಳಿಸಿ, ಮೂಲೆಮಟ್ಟ ತೆಗೆದುಕೊಂಡು, ನನ್ನನ್ನು ಒಂದೊಂದೇ ಆಸನದ ಮೇಲೆ ಕೂರಿಸಿ ತೊಡೆಗೂ ಬೆನ್ನಿಗೂ ಹಿಡಿದು ನೋಡಿದರು. ಸೋಫಾ ಫೇಲು. ಬೆತ್ತದ ಕುರ್ಚಿ ಫೇಲು. ಅವರಜ್ಜನ ಕಾಲದ ಈಸಿಚೇರಿನ ಹತ್ತಿರವೂ ಬಿಡಲಿಲ್ಲ. ಕೊನೆಗೆ ಪಾಸಾದದ್ದು ಊಟದ ಮೇಜಿನ ಒಂದು ಕುರ್ಚಿ, ಅದೂ ಎರಡು ದಿಂಬಿನ ಗ್ರೇಸ್ ಮಾರ್ಕು ಕೊಟ್ಟು.

ಆಗ ಗೊತ್ತಾಯಿತು, ಈ ಮನೆಯಲ್ಲಿ ನನಗೆ ಬೇಕಾದದ್ದೆಲ್ಲ ನೆಲದ ಹತ್ತಿರವೇ ವಾಸ ಮಾಡುತ್ತದೆ. ಒಲೆ ಮುಂದಿನ ಮಣೆ, ಗ್ಯಾಸಿನ ರೆಗ್ಯುಲೇಟರು, ಅಕ್ಕಿ ಡಬ್ಬ, ಗಮ್‌ಬೂಟು, ಬೆಕ್ಕು. ಮಂಡಿಯಿಂದ ಕೆಳಗಿನ ಪ್ರದೇಶದ ಮೇಲೆ ನನ್ನ ಆಡಳಿತ ಹೋಯಿತು. ಕನ್ನಡಕ ಬಿದ್ದರೆ ಬಿತ್ತು, ಕಾಲುಗುರು ಬೆಳೆದರೆ ಬೆಳೆಯಿತು. ಹೊರಗೆ ಹೋಗೋಣವೆಂದರೆ ಮೆಟ್ಟಿಲು. ಕೊಡಗಿನಲ್ಲಿ ಸಮತಟ್ಟು ಜಾಗ ಕಂಡರೆ ಅದನ್ನು ಹಾಕಿ ಆಟದ ಮೈದಾನ ಮಾಡಿಬಿಡುತ್ತೇವೆ; ಮನೆ ಕಟ್ಟುವುದು ಉಳಿದ ಏರಿನಲ್ಲಿ. ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಕಾಲು ಮುಂದೆ, ಕೋಲು ಆಪರೇಷನ್ ಆದದ್ದರ ಎದುರು ಕೈಯಲ್ಲಿ. ಮರೆಯದಿರಲು ಫಿಸಿಯೋ ಹೇಳಿಕೊಟ್ಟದ್ದು: ಒಳ್ಳೆಯವರು ಸ್ವರ್ಗಕ್ಕೆ, ಕೆಟ್ಟವರು ನರಕಕ್ಕೆ. ನಾನು ಮೆಟ್ಟಿಲಿಳಿಯುವಾಗಲೆಲ್ಲ ಯಜಮಾನರು ಹಿಂದಿನಿಂದ "ನರಕ! ನರಕ!" ಎಂದು ಕೂಗುತ್ತಿದ್ದರು. ಕಾಫಿ ತೋಟದ ಕೆಲಸದವರು ನಮ್ಮ ಸಂಸಾರದ ಬಗ್ಗೆ ಏನಂದುಕೊಂಡರೋ.

ಮಲಗಿದ್ದಾಗ, ಟವರಿಗೆ ಮನಸ್ಸು ಬಂದ ಹೊತ್ತಿನಲ್ಲಿ, ನನ್ನೊಳಗೆ ಕೂತಿರುವವರ ವಂಶಾವಳಿ ಓದಿದೆ. ಈ ಆಪರೇಷನ್ನಿಗೆ ಈಗಿನ ರೂಪ ಕೊಟ್ಟವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಅವರು ಮೊದಲು ಬಟ್ಟಲಿಗೆ ಬಳಸಿದ್ದು ಟೆಫ್ಲಾನ್, ನಮ್ಮ ನಾನ್‌ಸ್ಟಿಕ್ ದೋಸೆ ತವಾಕ್ಕೆ ಬಳಿಯುವ ಅದೇ ವಸ್ತು. ಕೆಲವೇ ವರ್ಷದಲ್ಲಿ ಸವೆದುಹೋಯಿತು. ತವಾ ಇಟ್ಟುಕೊಂಡ ಯಾವ ಹೆಂಗಸನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದಳು. ಆಮೇಲೆ 1962ರಲ್ಲಿ ಕೈಹಿಡಿದದ್ದು ಮಗ್ಗದ ಹಲ್ಲುಚಕ್ರಕ್ಕೆ ಬಳಸುತ್ತಿದ್ದ ಗಟ್ಟಿ ಪಾಲಿಥಿಲೀನ್. ಎರಡೂ ವಸ್ತುಗಳು ದೇಹದಲ್ಲಿ ಹೇಗೆ ವರ್ತಿಸುತ್ತವೆ ಎಂದು ನೋಡಲು ಆ ಪುಣ್ಯಾತ್ಮ ಅವುಗಳ ಚೂರುಗಳನ್ನು ತನ್ನ ತೊಡೆಯೊಳಗೇ ಇಟ್ಟುಕೊಂಡಿದ್ದರಂತೆ. ಇದನ್ನು ಓದಿ ಹೇಳಿದಾಗ ಯಜಮಾನರು, "ಅವರ ಹೆಂಡತಿ ಏನಂದ್ರಂತೆ?" ಎಂದು ಕೇಳಿದರು.

ಅವರಿಗೆ ಅಳತೆಯೇ ಜೀವನ ಅಂದೆನಲ್ಲ, ಅದರಿಂದಲೇ ಮುಂದಿನ ರಾದ್ಧಾಂತ. ಕೊಡಗಿನ ತೋಟದ ಮನೆಗಳಲ್ಲಿ ಬೆಳಿಗ್ಗೆ ಕಾಫಿಗಿಂತ ಮುಂಚೆ ಆಗುವ ಕೆಲಸ ಮಳೆ ಅಳೆಯುವುದು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ನಮ್ಮದು ಇನ್ನೂ ಇಂಚು, ಇಂಚಿನ ನೂರನೇ ಪಾಲಾದ ಸೆಂಟು. ಫೋನಿನಲ್ಲಿ ಕ್ಷೇಮ ಸಮಾಚಾರಕ್ಕಿಂತ ಮೊದಲು "ನಿಮ್ಮಲ್ಲೆಷ್ಟು?" ಕರೆಂಟು ಹೋಗಿ ಟವರು ಕೊನೆಯುಸಿರಿನಲ್ಲಿದ್ದ ಒಂದು ರಾತ್ರಿ ಗೋಣಿಕೊಪ್ಪದ ಅತ್ತೆ ಫೋನ್ ಮಾಡಿದರು. ಅವರು ಕೇಳಿದ್ದು ನನ್ನ ಕಾಲಿನ ಬಗ್ಗೆ. ಇವರಿಗೆ ಕೇಳಿಸಿದ್ದು ಬಾಲ ಮಾತ್ರ: "...ಹೇಗಿದೆ?"

"ಮೂರಿಂಚು ಜಾಸ್ತಿ ಅತ್ತೆ" ಅಂದರು ಇವರು.

"ಅಯ್ಯೋ ದೇವರೇ! ಒಂದೇ ಸಲಕ್ಕೆ?"

"ಹೂಂ, ಒಂದೇ ರಾತ್ರೀಲಿ. ಹೀಗೇ ಹೋದರೆ ತಿಂಗಳ ಕೊನೆಗೆ ಮೂವತ್ತು ದಾಟುತ್ತೆ."

"ಡಾಕ್ಟ್ರು ಏನಂತಾರೆ?"

"ಡಾಕ್ಟ್ರೇನು ಮಾಡ್ತಾರೆ? ಮೇಲಿನವನು ನಿಲ್ಲಿಸಬೇಕು."

ಲೈನು ಕಟ್ಟಾಯಿತು. ಮಾರನೆಯ ದಿನ ಹೊತ್ತೇರುವುದರೊಳಗೆ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆಯ ಬಂಧುಗಳಿಗೆಲ್ಲ ಸುದ್ದಿ ಮುಟ್ಟಿತ್ತು. ನೋಡಲು ಬಂದವರು ನನ್ನ ಮುಖ ನೋಡುವ ಮೊದಲು ಹೊದಿಕೆಯ ತುದಿ ನೋಡುತ್ತಿದ್ದರು. ಒಬ್ಬರು ಹಿಮ್ಮಡಿ ಎತ್ತರಿಸಿಕೊಡುವ ಚಪ್ಪಲಿ ಅಂಗಡಿಯ ವಿಳಾಸ ಬರೆದುಕೊಟ್ಟರು. ಇನ್ನೊಬ್ಬರು ಕಾಲು ಸೂಪು ತಂದಿದ್ದರು. ಪಾಲಿಥಿಲೀನಿಗೆ ಸೂಪಿನಿಂದ ಪುಷ್ಟಿ ಬರುವುದಿಲ್ಲವೆಂದು ಹೇಳುವ ಮನಸ್ಸಾಗಲಿಲ್ಲ, ಚೆನ್ನಾಗಿತ್ತು. ತಮಾಷೆಯೆಂದರೆ ಆಪರೇಷನ್ ಆದ ಹೊಸತರಲ್ಲಿ ಆ ಕಾಲು ಉದ್ದವಾದಂತೆ ಅನಿಸುವುದು ನಿಜ. ಬಿಗಿದ ಸ್ನಾಯು ಸಡಿಲವಾಗುತ್ತಾ ಸರಿಹೋಗುತ್ತದೆ. ಆದರೆ ಅಷ್ಟೊಂದು ಜನ ಅಷ್ಟೊಂದು ಕನಿಕರದಿಂದ ನೋಡಿದಾಗ ನನಗೇ ಸಂಶಯ ಬಂದು, ಟೈಲರ್ ಟೇಪು ತರಿಸಿ ಅಳೆಸಿಕೊಂಡೆ. ಎರಡೂ ಸಮ. ಅತ್ತೆ ಮಾತ್ರ ಇವತ್ತಿಗೂ ನಂಬಿಲ್ಲ.

ಜಿಗಣೆಯ ವಿಷಯ ಹೇಳಲೇಬೇಕು. ರಕ್ತ ಹೆಪ್ಪುಗಟ್ಟದಿರಲು ದಿನಾ ಒಂದು ಗುಳಿಗೆ, ಜೊತೆಗೆ ತೊಡೆಯವರೆಗೆ ಬಿಗಿಯಾದ ಬಿಳಿ ಕಾಲುಚೀಲ. ಮಳೆ ಬಿಟ್ಟಿದ್ದ ಒಂದು ಸಂಜೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ಬಂದು ಜಗಲಿಯ ಪಾಸಾದ ಕುರ್ಚಿಯಲ್ಲಿ ಕೂತಿದ್ದೆ. ಪಾದದ ಗಂಟಿನ ಹತ್ತಿರ ಒಂದು ಕರಿ ದಾರ ಎದ್ದು ನಿಂತು ಸುತ್ತ ನೋಡುತ್ತಿತ್ತು. ಕೂಗಿದರೆ ಯಾರಿಗೂ ಕೇಳದು, ಮತ್ತೆ ಹನಿ ಶುರುವಾಗಿ ಶೀಟಿನ ಮೇಲೆ ಸದ್ದು. ಬಗ್ಗುವಂತಿಲ್ಲ. ಕೆಳಗೆ ಬಿದ್ದದ್ದು ಎತ್ತಲು ಯಜಮಾನರು ಕೋಲಿನ ತುದಿಗೆ ಅಡುಗೆಮನೆ ಇಕ್ಕಳ ಕಟ್ಟಿ ಮಾಡಿಕೊಟ್ಟ ಸಾಧನ ಪಕ್ಕದಲ್ಲಿತ್ತು. ಇಕ್ಕಳದಿಂದ ಮೆಲ್ಲಗೆ ಚಿವುಟಿದೆ. ಕಾಲು ಬಿಟ್ಟಿತು. ಇಕ್ಕಳ ಹಿಡಿಯಿತು. ತಲೆ ಮುಂದೆ ಊರಿ, ಬಾಲ ಎಳೆದುಕೊಂಡು, ಬಟ್ಟೆ ಅಂಗಡಿಯವನು ಮೊಳ ಹಾಕಿದ ಹಾಗೆ ಕೋಲನ್ನು ಅಳೆಯುತ್ತಾ ನನ್ನ ಕೈಯ ಕಡೆಗೇ ಬರತೊಡಗಿತು. ಕೊಡವಿದೆ, ಹೋಗಲಿಲ್ಲ. ಕೋಲು ತಿರುಗಿಸಿ ಹಿಡಿದೆ, ಅದೂ ತಿರುಗಿತು. ಕೊನೆಗೆ ಸಾಧನವನ್ನೇ ಅಂಗಳಕ್ಕೆ ಎಸೆದು ಗೆದ್ದೆ ಎಂದುಕೊಂಡು ಕೆಳಗೆ ನೋಡಿದರೆ ಬಿಳಿ ಕಾಲುಚೀಲದ ಮೇಲೆ ಒಂದು ಕೆಂಪು ಚುಕ್ಕೆ ನಿಧಾನಕ್ಕೆ ಅಗಲವಾಗುತ್ತಿತ್ತು. ಇದರ ಅಣ್ಣ ಮೊದಲೇ ಒಳಗೆ ಸೇರಿ, ಊಟ ಮುಗಿಸಿ, ನನ್ನ ಚಪ್ಪಲಿಯ ಮೇಲೆ ದುಂಡಗೆ ಮಲಗಿದ್ದ. ಜಿಗಣೆಯ ಜೊಲ್ಲಿನಲ್ಲಿಯೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆ. ಗುಳಿಗೆಗೆ ದುಡ್ಡು ಕೊಟ್ಟಿದ್ದೆ, ಇದು ಪುಕ್ಕಟೆ. ಎರಡೂ ಸೇರಿ ಆ ಚುಕ್ಕೆ ಒಣಗಿದ್ದು ರಾತ್ರಿ ಊಟದ ಹೊತ್ತಿಗೆ.

ನನ್ನನ್ನು ನೋಡಿಕೊಳ್ಳಲು ಹಾವೇರಿ ಕಡೆಯ ಹುಡುಗಿಯೊಬ್ಬಳಿದ್ದಳು. ಜಿಗಣೆ ಪ್ರಸಂಗದಲ್ಲಿ ಧೈರ್ಯವಾಗಿದ್ದವಳು ಕೊಡವರ ಮಳೆ ತಿಂಗಳಾದ ಕಕ್ಕಡದ 18ಕ್ಕೆ ಕುಸಿದಳು. ಆಗಸ್ಟ್ ಮೊದಲ ವಾರ ಬರುವ ಆ ದಿನ ಮದ್ದುಸೊಪ್ಪಿನಲ್ಲಿ 18 ಔಷಧ ಸೇರಿರುತ್ತವೆಂದು ನಮ್ಮ ನಂಬಿಕೆ. ಸೊಪ್ಪು ಬೇಯಿಸಿ ಸೋಸಿದರೆ ಕಡುನೇರಳೆ ರಸ; ಅದರಲ್ಲಿ ಪಾಯಸ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಮದ್ದು ಮೈಗೆ ಹತ್ತಿತು ಅನ್ನುವುದಕ್ಕೆ ಅದೇ ಸಾಕ್ಷಿ. ಇದನ್ನು ಅವಳಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಮಳೆ ಒದ್ದೆ ಅಂತ ಯಾರು ಯಾರಿಗೆ ಹೇಳುತ್ತಾರೆ? ಆದರೆ ಗುಳಿಗೆ ತಿನ್ನುವವರ ಮೂತ್ರ ಕೆಂಪಾದರೆ ತಕ್ಷಣ ತಿಳಿಸಿ ಎಂದು ಅವಳಿಗೆ ಆಸ್ಪತ್ರೆಯವರು ಹೇಳಿದ್ದರು.

"ಅಯ್ಯ ಯವ್ವಾ, ಅಜ್ಜಿಗೆ ರಕ್ತ ಹೊಂಟೈತ್ರೀ!" ಎಂದು ಅವಳು ಬಚ್ಚಲಿನಿಂದ ಓಡಿ ಮೈಸೂರಿಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಯುವ ಡಾಕ್ಟರರ ಗಾಬರಿ ನನಗೂ ಕೇಳಿಸುತ್ತಿತ್ತು. ಆಂಬ್ಯುಲೆನ್ಸ್ ಅಂದರು, ರಕ್ತ ಪರೀಕ್ಷೆ ಅಂದರು. ಯಜಮಾನರು ಬಂದು ಫೋನ್ ಇಸಿದುಕೊಂಡು ಶಾಂತವಾಗಿ, "ಗಾಬರಿ ಬೇಡ ಡಾಕ್ಟ್ರೇ. ಇವತ್ತು ನನಗೂ ಹಾಗೇ. ಪಕ್ಕದ ಮನೆಯವರಿಗೂ ಹಾಗೇ" ಎಂದರು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಇಡೀ ಊರಿಗೆ ಏನೋ ಆಗಿದೆ ಎಂದು ಅವರು ಆರೋಗ್ಯ ಇಲಾಖೆಗೆ ತಿಳಿಸುವ ಮೊದಲು ನಾನು ಫೋನ್ ತೆಗೆದುಕೊಂಡು ಪಾಯಸದ ಕಥೆ ಹೇಳಿದೆ. ಹುಡುಗಿಯೂ ಎರಡು ಬಟ್ಟಲು ತಿಂದಿದ್ದಳು. ಬೆಳಿಗ್ಗೆ ಬಂದು ಸಣ್ಣ ದನಿಯಲ್ಲಿ, "ನಂದೂ ಕೆಂಪಗ ಐತ್ರೀ" ಎಂದಳು.

ಹಿನ್ನಡೆಯೂ ಆಯಿತು. ಹಲವು ದಿನಗಳ ಮೇಲೆ ಬಿಸಿಲು ಬಂದರೆ ಕೊಡಗಿನವರನ್ನು ಒಳಗೆ ಕೂರಿಸುವುದು ಯಾರಿಂದಲೂ ಆಗದು. ಕೋಲೂರಿ ಗೇಟಿನ ತನಕ ಹೋದೆ, ವಾಪಸು ಬಂದೆ, ಬಿಸಿಲು ಇನ್ನೂ ಇತ್ತು, ಮತ್ತೆ ಹೋದೆ. ಸಂಜೆಗೆ ತೊಡೆ ಊದಿ ಬಿಗಿಯಾಯಿತು, ಮಂಚದಿಂದ ಕಾಲಿಳಿಸಿದರೆ ಕಣ್ಣಲ್ಲಿ ನೀರು. ಆ ರಾತ್ರಿ ನಗು ಬರಲಿಲ್ಲ. ಡಾಕ್ಟರು ಫೋಟೋ ನೋಡಿ, ಮೀನಖಂಡ ನೋಯುತ್ತಿಲ್ಲ, ಕೆಂಪಾಗಿಲ್ಲ, ಹೆಚ್ಚು ನಡೆದದ್ದಕ್ಕೆ ಬಂದ ಊತ, ಕಾಲು ಎತ್ತರಕ್ಕಿಟ್ಟು ಐಸ್ ಇಡಿ ಎಂದರು. ಕೋಲು ಮೂಲೆ ಸೇರಿ ವಾಕರ್ ಮತ್ತೆ ಅಧಿಕಾರಕ್ಕೆ ಬಂತು. ಯಜಮಾನರ ಮಳೆ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: "ಮಳೆ ಇಲ್ಲ. ಬಿಸಿಲು. ಹೆಂಡತಿ ಜಾಸ್ತಿ ನಡೆದಳು."

ಈಗ ಎಲ್ಲ ಸುಧಾರಿಸಿದೆ. ಆಸ್ಪತ್ರೆ ಸಾಮಾನುಗಳನ್ನು ಒಂದೊಂದಾಗಿ ಅಟ್ಟಕ್ಕೆ ಹಾಕುತ್ತಿದ್ದೇವೆ. ವಾಕರ್ ಮೇಲೆ ಒದ್ದೆ ಬಟ್ಟೆ ಒಣಗುತ್ತಿವೆ. ಕಮೋಡಿನ ಮೇಲೆ ಕೂರಿಸಿದ ಎತ್ತರದ ಸೀಟು ಇನ್ನು ಬೇಡ, ತೆಗೆಯಿರಿ ಎಂದೆ. ಯಜಮಾನರು ಮೂಲೆಮಟ್ಟ ಒರೆಸುತ್ತಾ, ಇನ್ನೂ ಸ್ವಲ್ಪ ದಿನ ಇರಲಿ, ನಿನ್ನ ಒಳ್ಳೇದಕ್ಕೇ ಎಂದರು. ಮನೆಗೆ ಬಂದ ಇವರ ಅಣ್ಣನೂ ಅಲ್ಲಿಂದ ಹೊರಬರಲು ಬಹಳ ಹೊತ್ತು ತೆಗೆದುಕೊಂಡರು. ನಿನ್ನೆ ಗೋಣಿಕೊಪ್ಪದ ಅತ್ತೆಯ ಫೋನು. ಲೈನು ಸ್ಪಷ್ಟವಾಗಿತ್ತು. ಕಾಲಿನ ಬಗ್ಗೆ ಕೇಳಲಿಲ್ಲ, ಮಳೆಯ ಬಗ್ಗೆಯೂ ಕೇಳಲಿಲ್ಲ. "ಆ ಸೀಟಿಗೆ ನನಗಿಂತ ಮುಂಚೆ ಎಷ್ಟು ಜನ ಇದ್ದಾರೆ?" ಎಂದರು.