ರೈತರ ನಗುವಿನ ಬಗ್ಗೆಯೂ ಸ್ವಲ್ಪ ಮಾತಾಡೋಣ

ರೈತ ಅಂದ ಕೂಡಲೇ ಎಲ್ಲರ ಹತ್ತಿರ ಒಂದೇ ಚಿತ್ರ ಇರುತ್ತದೆ. ಬಿರುಕು ಬಿಟ್ಟ ನೆಲ, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿರುವ ಮುದುಕ. ಅದಿಲ್ಲದಿದ್ದರೆ ಅನ್ನದಾತ ಅಂತ ಕೈಮುಗಿಯುವ ದೊಡ್ಡ ಮಾತುಗಳು. ಒಂದು ಕಡೆ ಕನಿಕರ, ಇನ್ನೊಂದು ಕಡೆ ಪೂಜೆ. ಎರಡರಲ್ಲೂ ರೈತ ನಗುವುದೇ ಇಲ್ಲ. ಇದು ನನಗೆ ಬಹಳ ದಿನದಿಂದ ಬೇಸರ ತಂದ ವಿಷಯ. ಯಾಕೆಂದರೆ ನಾನು ಕಂಡ ಹೊಲಗಳಲ್ಲಿ ಜನ ನಗುತ್ತಾರೆ. ಸುಮ್ನೆ ಮುಗುಳ್ನಗೆ ಅಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಕಷ್ಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸಾಲ ಇದೆ. ಮಳೆ ಕೈಕೊಡುತ್ತದೆ. ಬೆಳೆ ಚೆನ್ನಾಗಿ ಬಂದ ವರ್ಷವೇ ಬೆಲೆ ಬಿದ್ದುಹೋಗುತ್ತದೆ. ಅದನ್ನೆಲ್ಲ ಹೇಳಲೇಬೇಕು, ಜೋರಾಗಿಯೇ ಹೇಳಬೇಕು. ಆದರೆ ಬರೀ ಅಷ್ಟನ್ನೇ ಹೇಳಿದರೆ ಅರ್ಧ ಬದುಕು ಹೇಳದೆ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿದರೆ ಎಷ್ಟೋ ವರ್ಷ ಬೇಸಾಯ ಕೈಗೆ ಹತ್ತುವುದಿಲ್ಲ. ಆದರೂ ಬೆಳಗ್ಗೆ ಎದ್ದ ಕೂಡಲೇ ಕಾಲು ಹೊಲದ ಕಡೆಗೇ ಹೋಗುತ್ತವೆ. ಏನಾಗಿದೆಯೋ ನೋಡಬೇಕು ಅನ್ನುವ ಆಸೆ ಇರುತ್ತದೆ ನೋಡಿ, ಅದೇ ಕಾರಣ.

ಹುಟ್ಟಿದ ಕರುವನ್ನೇ ತಗೊಳ್ಳಿ. ಆರೋಗ್ಯವಾಗಿರುವ ಕರು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಎದ್ದು ನಿಲ್ಲುತ್ತದೆ. ಮೊದಲು ಹಿಂಗಾಲು ಎತ್ತುತ್ತದೆ. ಮುಂದಿನ ಮಂಡಿ ಇನ್ನೂ ನೆಲದ ಮೇಲೇ ಇರುತ್ತದೆ. ಹಾಗೇ ಮುಗ್ಗರಿಸಿ ಬೀಳುತ್ತದೆ. ಮತ್ತೆ ಎತ್ತುತ್ತದೆ, ಮತ್ತೆ ಬೀಳುತ್ತದೆ. ಅಂತೂ ನಿಂತ ಮೇಲೆ ಕೆಚ್ಚಲು ಹುಡುಕುವ ಕೆಲಸ ಶುರು. ಅಮ್ಮನ ಮುಂಗಾಲಿನ ಸಂದಿಗೆ ಮೂತಿ ಇಡುತ್ತದೆ, ಎದೆಗೆ ಗುದ್ದುತ್ತದೆ, ಹತ್ತಿರ ನಿಂತವರ ಮೊಣಕಾಲನ್ನು ಬಾಯಿಗೆ ಹಾಕಿಕೊಂಡು ಚೀಪಲು ನೋಡುತ್ತದೆ. ಕೊಟ್ಟಿಗೆಯಲ್ಲಿ ನಿಂತವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಾ ಇರುತ್ತಾರೆ. "ಅಲ್ಲಲ್ಲ, ಹಿಂದೆ, ಹಿಂದೆ ಹೋಗು" ಅಂತ ಮನೆಯ ಹಿರಿಯರೂ ಕರುವಿಗೆ ದಾರಿ ಹೇಳುತ್ತಾರೆ! ಕೊನೆಗೆ ಅದರ ಬಾಯಿಗೆ ಮೊಲೆ ಸಿಕ್ಕು ಬಾಲ ಅಲ್ಲಾಡಲು ಶುರುವಾದಾಗ ಆಗುವ ಸಂತೋಷವಿದೆಯಲ್ಲ, ಅದಕ್ಕೆ ನಾನು ಬೇರೆ ಯಾವುದನ್ನೂ ಸಮ ಮಾಡಲಾರೆ.

ಸ್ವಲ್ಪ ದಿನ ಕಳೆದರೆ ಅದೇ ಕರು ಸಂಜೆ ಬಾಲ ಮೇಲಕ್ಕೆತ್ತಿ ಅಂಗಳದ ತುಂಬಾ ಓಡುತ್ತದೆ. ಯಾಕೆ ಓಡುತ್ತಿದೆ ಅಂತ ಅದಕ್ಕೂ ಗೊತ್ತಿಲ್ಲ. ಹಿಂಗಾಲು ಗಾಳಿಗೆ ಒದೆಯುತ್ತದೆ, ಥಟ್ಟನೆ ನಿಲ್ಲುತ್ತದೆ, ನಮ್ಮನ್ನೇ ದಿಟ್ಟಿಸಿ ನೋಡುತ್ತದೆ, ಮತ್ತೆ ಓಟ. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವವರು ಈ ಕುಣಿತವನ್ನು ಅಳೆದು ನೋಡಿದ್ದಾರೆ. ಹಾಲು ಸಾಲದ ಕರು ಕಡಿಮೆ ಕುಣಿಯುತ್ತದೆ. ನೋವಿರುವ ಕರುವೂ ಅಷ್ಟೇ. ದನ ಸಾಕಿದ ಯಾವ ಹೆಂಗಸೂ ಇದನ್ನು ಅಧ್ಯಯನವಿಲ್ಲದೆಯೇ ಹೇಳುತ್ತಾಳೆ: "ಇವತ್ತು ಯಾಕೋ ಇದು ಜಿಗಿಯಲಿಲ್ಲ, ಏನೋ ಆಗಿದೆ." ದಿನಾ ಅದರ ಆಟ ನೋಡಿ ನಕ್ಕವಳಿಗೆ ಮಾತ್ರ ಅದು ಆಡದ ದಿನ ಗೊತ್ತಾಗುತ್ತದೆ. ನಾನು ಹೇಳಬೇಕು ಅಂದುಕೊಂಡಿರುವುದು ಇದೇ. ಹೊಲದ ನಗು ಕೆಲಸ ಬಿಟ್ಟು ಕೂತಾಗ ಬರುವಂಥದ್ದಲ್ಲ. ಅದು ಕೆಲಸದ ಒಳಗೇ ಇದೆ. ಹತ್ತಿರದಿಂದ ನೋಡುವವರಿಗೆ ಬರುವ ನಗು ಅದು.

ಕೋಳಿಯ ಕೆಳಗೆ ಬಾತುಕೋಳಿ ಮೊಟ್ಟೆ ಇಟ್ಟು ಕಾವು ಕೂರಿಸುವುದು ಜಗತ್ತಿನ ಎಷ್ಟೋ ಕಡೆ ಇದೆ. ಕೋಳಿ ಮೊಟ್ಟೆ ಒಡೆಯಲು ಸುಮಾರು 21 ದಿನ ಬೇಕು, ಬಾತಿನದಕ್ಕೆ ಸುಮಾರು 28. ಪಾಪ, ಕೋಳಿಗೆ ಲೆಕ್ಕ ಗೊತ್ತಿಲ್ಲ, ಒಂದು ವಾರ ಹೆಚ್ಚಿಗೆ ಕೂರುತ್ತದೆ. ಮರಿಗಳು ಹೊರಗೆ ಬಂದ ಮೇಲೆ ತನ್ನವೇ ಅಂತ ರೆಕ್ಕೆಯೊಳಗೆ ಸೇರಿಸಿಕೊಂಡು ತಿರುಗುತ್ತದೆ. ಮರಿಗಳೂ ಅದನ್ನೇ ಅಮ್ಮ ಅಂತ ನಂಬಿ ಸಾಲಾಗಿ ಹಿಂದೆ ಹೋಗುತ್ತವೆ. ಮೊದಲು ಕಣ್ಣಿಗೆ ಬಿದ್ದು ಓಡಾಡಿದ್ದನ್ನು ಅಮ್ಮ ಅಂದುಕೊಳ್ಳುವ ಈ ಗುಣವನ್ನು ಕೊನ್ರಾಡ್ ಲೊರೆನ್ಸ್ ಎಂಬ ವಿಜ್ಞಾನಿ ಹೆಬ್ಬಾತಿನ ಮರಿಗಳಲ್ಲಿ ವಿವರವಾಗಿ ನೋಡಿದ್ದರು. ಆ ಮರಿಗಳು ಅವರ ಹಿಂದೆಯೇ ಸಾಲಾಗಿ ನಡೆಯುತ್ತಿದ್ದವು. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನವೂ ಬಂತು. ಆದರೆ ನಮಗೆ ತಮಾಷೆ ಶುರುವಾಗುವುದು ನೀರಿನ ಹತ್ತಿರ. ಹೊಂಡ ಕಂಡ ಕೂಡಲೇ ಮರಿಗಳು ಒಂದರ ಹಿಂದೆ ಒಂದು ದುಮುಕುತ್ತವೆ. ಕೋಳಿ ದಡದ ಮೇಲೆ ಅತ್ತಿಂದಿತ್ತ ಓಡುತ್ತದೆ, ಕೂಗುತ್ತದೆ, ರೆಕ್ಕೆ ಬಡಿಯುತ್ತದೆ. ಮರಿಗಳು ಆರಾಮಾಗಿ ಈಜುತ್ತಿರುತ್ತವೆ. ಇದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಹೆಂಗಸರು ನಗುತ್ತಲೇ ಕೋಳಿಯ ಪರ ಮಾತಾಡುತ್ತಾರೆ: "ಅದರ ಸಂಕಟ ಅದಕ್ಕೇ ಗೊತ್ತು ಬಿಡಿ." ಎರಡೂ ಸರಿಯೇ.

ಇನ್ನು ಬೆದರುಬೊಂಬೆ. ಹಳೇ ಅಂಗಿ ತೊಡಿಸಿ, ಮಡಕೆಗೆ ಕಣ್ಣು ಮೂಗು ಬರೆದು ನಿಲ್ಲಿಸಿದರೆ ಹಕ್ಕಿಗಳು ಕೆಲವು ದಿನ ಹೆದರುತ್ತವೆ. ಅಲ್ಲಾಡದೆ ನಿಂತಿದೆ ಅಂತ ಗೊತ್ತಾದ ಮೇಲೆ ಅದರ ತಲೆಯ ಮೇಲೇ ಕೂತು ತೆನೆ ನೋಡುತ್ತವೆ. ಹಾಗಾಗಿಯೇ ತಿಳಿದವರು ಅದರ ಜಾಗ, ಬಟ್ಟೆ ಆಗಾಗ ಬದಲಿಸುತ್ತಾರೆ. ಹೀಗೆ ಜಾಗ ಬದಲಿಸಿದ ಸಂಜೆಯೇ ಮನುಷ್ಯರು ಮೋಸ ಹೋಗುವುದು. ನಮ್ಮ ಅಜ್ಜ ಮಬ್ಬು ಬೆಳಕಿನಲ್ಲಿ ಬದುವಿನ ಮೇಲೆ ನಿಂತು ಕೂಗುತ್ತಿದ್ದರು: "ಯಾರಪ್ಪಾ ಅದು, ಹೊತ್ತು ಮುಳುಗಿದ ಮೇಲೆ ನಮ್ಮ ಹೊಲದಲ್ಲಿ? ಅಯ್ಯೋ, ಬಾಯಿ ಬಿಡೋಕೆ ಏನು ಧಾಡಿ?" ಹಿಂದೆ ಬರುತ್ತಿದ್ದ ನಮಗೆ ನಗು ತಡೆಯಲು ಆಗಲಿಲ್ಲ. ವಿಷಯ ತಿಳಿದ ಮೇಲೆ ಅಜ್ಜ ನಮಗಿಂತ ಜಾಸ್ತಿ ನಕ್ಕರು. "ಹಕ್ಕಿ ಹೆದರಲಿಲ್ಲ ಅಂದ್ರೂ ಕಳ್ಳ ಹೆದರ್ತಾನೆ ಬಿಡು" ಅಂದರು.

ಪ್ರಾಣಿ ಪಕ್ಷಿಗಳ ಬಗ್ಗೆ ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಗಿಡಗಳೂ ಅಷ್ಟೇ ನಗಿಸುತ್ತವೆ ಅಂದರೆ ಕೆಲವರಿಗೆ ನಂಬಿಕೆ ಬರುವುದಿಲ್ಲ. ಶೇಂಗಾ ಗಿಡ ನೋಡಿ. ಬೆಳಗ್ಗೆ ಪುಟ್ಟ ಹಳದಿ ಹೂ ಅರಳುತ್ತದೆ, ಅದೇ ದಿನ ಬಾಡುತ್ತದೆ. ಆಮೇಲೆ ಹೂವಿದ್ದ ಜಾಗದಿಂದ ಕಡ್ಡಿಯಂಥ ಒಂದು ಎಳೆ ಹೊರಟು ನೆಲದ ಕಡೆ ಬಾಗಿ ಮಣ್ಣಿನೊಳಗೆ ಹೋಗುತ್ತದೆ. ಕತ್ತಲಲ್ಲಿ, ಮಣ್ಣಿನ ಒಳಗೆ ಹೋದ ಮೇಲೆಯೇ ಅದರ ತುದಿ ಊದಿ ಕಾಯಿಯಾಗುವುದು. ಮೇಲೆ ಹೂ ಬಿಟ್ಟು ಕೆಳಗೆ ಕಾಯಿ ಬಚ್ಚಿಡುವ ಗಿಡ! ಪೇಟೆಯಿಂದ ಬಂದ ಮಕ್ಕಳಿಗೆ "ಕಾಯಿ ಎಲ್ಲಿದೆ ಹುಡುಕಿ" ಅಂತ ಬಿಟ್ಟುಬಿಡಬೇಕು. ಎಲೆ ಎಲ್ಲ ಸರಿಸಿ ನೋಡಿ ಸೋತು ನಿಲ್ಲುತ್ತಾರೆ. ಆಮೇಲೆ ಒಂದು ಗಿಡ ಹಿಡಿದು ಎಳೆದು, ಮಣ್ಣು ಕೊಡವಿ ತೋರಿಸಿದಾಗ ಆ ಮುಖಗಳನ್ನು ನೋಡಬೇಕು. ಎಷ್ಟು ಸಲ ತೋರಿಸಿದರೂ ನನಗೆ ಸಾಕಾಗಿಲ್ಲ.

ಸೂರ್ಯಕಾಂತಿಯದು ಇನ್ನೊಂದು ಬಗೆ. ದಿನವಿಡೀ ಸೂರ್ಯನ ಹಿಂದೆ ತಿರುಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ತಿರುಗುವುದು ಎಳೆಯ ಗಿಡ, ಮೊಗ್ಗಿನ ಕಾಲದಲ್ಲಿ ಮಾತ್ರ. ಹಗಲು ಕಾಂಡದ ಪೂರ್ವದ ಬದಿ ಜಾಸ್ತಿ ಬೆಳೆದು ತಲೆ ಪಶ್ಚಿಮಕ್ಕೆ ವಾಲುತ್ತದೆ. ರಾತ್ರಿ ಇನ್ನೊಂದು ಬದಿ ಬೆಳೆದು ಬೆಳಗಿನ ಹೊತ್ತಿಗೆ ಮತ್ತೆ ಪೂರ್ವಕ್ಕೆ ಬಂದಿರುತ್ತದೆ. ಪೂರ್ತಿ ಅರಳಿದ ಮೇಲೆ ಹೂಗಳೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತವೆ. ಬೆಳಗ್ಗೆ ಬೇಗ ಬಿಸಿಯಾಗುವ ಹೂವಿಗೆ ಜೇನುನೊಣಗಳು ಹೆಚ್ಚು ಬರುತ್ತವೆ ಎಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದೇನೇ ಇರಲಿ, ಮುಂಜಾನೆ ಪೂರ್ವದ ಬದಿಯಿಂದ ಹೊಲಕ್ಕೆ ಕಾಲಿಟ್ಟಾಗ ಸಾವಿರಾರು ಹೂ ಒಟ್ಟಿಗೆ ನಮ್ಮ ಕಡೆ ನೋಡುತ್ತಿರುತ್ತವೆ. ಮನಸ್ಸಿನಲ್ಲಿ ಎಷ್ಟೇ ಭಾರ ಇದ್ದರೂ ಆಗ ಮುಖ ಸಡಿಲ ಆಗುತ್ತದೆ.

ಬೆಂಡೆ, ಸೌತೆ ಬೆಳೆದವರಿಗೆ ಗೊತ್ತು. ಎಷ್ಟೇ ಹುಡುಕಿ ಕೊಯ್ದರೂ ಒಂದು ಕಾಯಿ ಎಲೆಯ ಮರೆಯಲ್ಲಿ ತಪ್ಪಿಸಿಕೊಂಡಿರುತ್ತದೆ. ಕಣ್ಣಿಗೆ ಬಿದ್ದಾಗ ಮೊಣಕೈ ಉದ್ದ ಆಗಿರುತ್ತದೆ. ತಿನ್ನಲು ಬರುವುದಿಲ್ಲ, ಆದರೆ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸದೆ ಯಾರೂ ಬಿಡುವುದಿಲ್ಲ.

ಮನುಷ್ಯರ ನಗು ಇದ್ದೇ ಇದೆ. ಕಳೆ ಕೀಳುವ ಕೆಲಸ ಸುಲಭದ್ದಲ್ಲ. ಸೊಂಟ ಬಗ್ಗಿಸಿದರೆ ಮತ್ತೆ ನೆಟ್ಟಗೆ ಮಾಡುವುದು ಮಧ್ಯಾಹ್ನಕ್ಕೇ. ಆದರೆ ಹತ್ತು ಜನ ಹೆಂಗಸರು ಸಾಲು ಹಿಡಿದರೆ ಅಲ್ಲಿ ಮಾತು ನಿಲ್ಲುವುದಿಲ್ಲ. ಒಬ್ಬಳು ಕಥೆ ಹೇಳುವುದರಲ್ಲಿ ಮುಳುಗಿ ಹಿಂದೆ ಬಿದ್ದಿರುತ್ತಾಳೆ. ಮುಂದಿನಿಂದ ಒಬ್ಬಳು ಕೂಗುತ್ತಾಳೆ: "ಅಕ್ಕಾ, ನಿನ್ನ ಸಾಲು ಉದ್ದ ಇದೆಯಾ, ನಿನ್ನ ಕಥೆ ಉದ್ದ ಇದೆಯಾ?" "ಕಥೆ ಬೇಡ ಅಂದ್ರೆ ನಿಲ್ಲಿಸ್ತೀನಿ, ಆಮೇಲೆ ಯಾರೂ ಕೇಳಬೇಡಿ." "ಅಯ್ಯೋ ಬೇಡ ಬೇಡ, ನಿನ್ನ ಸಾಲು ನಾವೇ ಮುಗಿಸ್ತೀವಿ, ನೀನು ಹೇಳು." ನಗುತ್ತಾ ನಗುತ್ತಾ ಇಬ್ಬರು ಹಿಂದೆ ಬಂದು ಅವಳ ಸಾಲಿಗೆ ಕೈ ಹಾಕುತ್ತಾರೆ. ಯಂತ್ರ ಬಂದು ಮೈ ನೋವು ಕಡಿಮೆಯಾಗಿದೆ. ಅದು ಒಳ್ಳೆಯದೇ, ಇನ್ನೂ ಬರಲಿ. ಆದರೆ ಒಬ್ಬನೇ ಕೂತು ಟ್ರ್ಯಾಕ್ಟರ್ ಓಡಿಸುವವನ ಹಿಂದೆ ಈಗ ಬೆಳ್ಳಕ್ಕಿಗಳು ಮಾತ್ರ ಇರುತ್ತವೆ. ಮಣ್ಣು ಮಗುಚಿದಾಗ ಮೇಲೆ ಬರುವ ಹುಳ ಹೆಕ್ಕಲು ಬಂದವು ಅವು. ಕೆಲಸ ಹಗುರವಾಗಿದೆ, ಜೊತೆ ಕಡಿಮೆಯಾಗಿದೆ. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ ಅನ್ನುವುದು ನನ್ನ ನೋವು.

ಇಷ್ಟೆಲ್ಲ ಹೇಳಿದಾಗ ಒಬ್ಬ ಗೆಳೆಯ ಕೇಳಿದ, "ನಗುವಿನಿಂದ ಸಾಲ ತೀರುತ್ತಾ?" ತೀರುವುದಿಲ್ಲ. ನ್ಯಾಯವಾದ ಬೆಲೆಗೆ ಬದಲಾಗಿ ನಗುವನ್ನು ಕೊಡಿ ಅಂತ ಯಾರೂ ಕೇಳಬಾರದು. ರೈತ ಖುಷಿಯಾಗಿದ್ದಾನೆ, ಅವನಿಗೇನು ಕಮ್ಮಿ ಅನ್ನುವವರ ಕೈಗೆ ನನ್ನ ಮಾತು ಸಿಗುವುದೂ ನನಗೆ ಬೇಡ. ಚೀಲದ ಮೇಲೆ, ಜಾಹೀರಾತಿನಲ್ಲಿ ಹಲ್ಲು ತೋರಿಸುವ ರೈತನ ಚಿತ್ರ ಬೇರೆ, ನಾನು ಹೇಳುತ್ತಿರುವ ನಗು ಬೇರೆ. ಕಷ್ಟ ಇದ್ದವರು ನಗಬಾರದು ಅಂತ ಇಲ್ಲ. ನಕ್ಕವರಿಗೆ ಕಷ್ಟ ಇಲ್ಲ ಅಂತಲೂ ಇಲ್ಲ.

ನನಗೆ ಚಿಂತೆ ಇರುವುದು ಮನೆಯ ಮಕ್ಕಳ ಬಗ್ಗೆ. ಊಟಕ್ಕೆ ಕೂತಾಗ ಅವರ ಕಿವಿಗೆ ಬೀಳುವುದು ಬರೀ ನಷ್ಟದ ಮಾತು. ಓದಿ ಬೇರೆ ಕೆಲಸಕ್ಕೆ ಹೋಗಲಿ, ತಪ್ಪೇನಿಲ್ಲ. ಆದರೆ ಹೊಲ ಅಂದರೆ ಶಿಕ್ಷೆ ಅಂತ ತಿಳಿದು ಹೋಗುವುದು ಬೇಡ. ಬಾತುಮರಿ ನೀರಿಗೆ ಹಾರಿದ ಕಥೆಯನ್ನೂ ಅದೇ ಊಟದ ಹೊತ್ತಿನಲ್ಲಿ ಹೇಳಿ. ಎರಡನ್ನೂ ಕೇಳಿ ಬೆಳೆದ ಮಗು ಹೊಲವನ್ನು ಬಿಡುವುದೋ ಹಿಡಿಯುವುದೋ ತಾನೇ ಯೋಚಿಸಿ ತೀರ್ಮಾನ ಮಾಡುತ್ತದೆ.

ಕೊಳ್ಳುವವರಿಗೂ ಒಂದು ಮಾತು ಇದೆ. ಕ್ಯಾರೆಟ್ ಕೀಳುವಾಗ ಒಮ್ಮೊಮ್ಮೆ ಎರಡು ಕಾಲು ಇರುವುದು ಬರುತ್ತದೆ. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿಕೊಂಡು ಆರಾಮಾಗಿ ಕೂತಂತೆ ಕಾಣುವವೂ ಇರುತ್ತವೆ. ಬೇರಿನ ತುದಿಗೆ ಕಲ್ಲೋ ಗಟ್ಟಿ ಮಣ್ಣೋ ತಾಗಿದರೆ, ತುದಿಗೆ ಪೆಟ್ಟಾದರೆ, ಬೇರು ಹೀಗೆ ಕವಲೊಡೆಯುತ್ತದೆ. ಕೀಳುವವರು ಅದನ್ನು ಒಬ್ಬರಿಗೊಬ್ಬರು ತೋರಿಸಿ ನಗುತ್ತಾರೆ. ಮಾರುಕಟ್ಟೆಗೆ ಹೋದರೆ ಅದೇ ಕ್ಯಾರೆಟ್ ಪಕ್ಕಕ್ಕೆ ಬೀಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ 1988ರಿಂದ ಸೌತೆಕಾಯಿಯ ಡೊಂಕಿಗೂ ಒಂದು ನಿಯಮ ಇತ್ತು. ಮೇಲ್ದರ್ಜೆಯ ಸೌತೆ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರ್‌ಗಿಂತ ಹೆಚ್ಚು ಬಾಗಿರಬಾರದು! 2009ರಲ್ಲಿ ಅದನ್ನು ಕೈಬಿಟ್ಟರು, ಕ್ಯಾರೆಟ್ಟಿಗೆ ಇದ್ದ ಇಂಥ ನಿಯಮವೂ ಜೊತೆಗೇ ಹೋಯಿತು. ಕಾಗದದ ಮೇಲಿನ ನಿಯಮ ಹೋದರೂ ಕೊಳ್ಳುವವರ ಕಣ್ಣು ಇನ್ನೂ ನೇರ ಇರುವುದನ್ನೇ ಹುಡುಕುತ್ತದೆ, ಅಲ್ವಾ? ಹಾಗಾಗಿ ಕೇಳುತ್ತಿದ್ದೇನೆ. ರಾಶಿಯಲ್ಲಿ ಎರಡು ಕಾಲಿನ ಕ್ಯಾರೆಟ್ ಕಂಡರೆ ಬಿಟ್ಟು ಬರಬೇಡಿ, ಎತ್ತಿಕೊಳ್ಳಿ. ಮನೆಯಲ್ಲಿ ಮಕ್ಕಳಿಗೆ ತೋರಿಸಿ. ರುಚಿ ಒಂದೇ. ಸಂದಿಯಲ್ಲಿ ಸ್ವಲ್ಪ ಮಣ್ಣು ಇರುತ್ತದೆ, ಚೆನ್ನಾಗಿ ತೊಳೆದುಕೊಳ್ಳಿ.