ಬೇಕಾದ ಕಪ್ಪು, ಬೇಡದ ಕಪ್ಪು

ನಮ್ಮ ಅತ್ತಿಗೆಗೆ ಒಪ್ಪ ಓರಣದ ಹುಚ್ಚು. ಊರಿನಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದ ಮೂರನೆಯ ದಿನಕ್ಕೆ ಮಸಾಲೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ಐದನೆಯ ದಿನ ಊಟದ ಕೋಣೆಯ ಬೀರುವಿನ ಕೆಳಖಾನೆ ಅವರ ಕಣ್ಣಿಗೆ ಬಿತ್ತು. ಅಲ್ಲಿ ಬಟ್ಟೆಯ ಮೇಲೆ ಸಡಿಲವಾಗಿ ಮಲಗಿದ್ದ ನನ್ನ ಹನ್ನೆರಡು ಹಳೆಯ ಬೆಳ್ಳಿ ಚಮಚಗಳನ್ನು ಎತ್ತಿ, ತಲೆಗೆ ತಲೆ ಸೇರಿಸಿ, ಕೊತ್ತಂಬರಿ ಕಟ್ಟಿನಿಂದ ಬಿಚ್ಚಿಟ್ಟಿದ್ದ ನೀಲಿ ರಬ್ಬರ್ ಬ್ಯಾಂಡ್ ಹಾಕಿ ಬಿಗಿದರು. ನನಗೆ ಗೊತ್ತಾದದ್ದು ಮೂರು ವಾರ ಕಳೆದ ಮೇಲೆ. ಹನ್ನೆರಡು ಹಿಡಿಗಳ ಮೇಲೂ ಒಂದೇ ಎತ್ತರದಲ್ಲಿ ಒಂದೊಂದು ಕಪ್ಪು ಗೆರೆ. ಬೇಡಿಕೆ ಈಡೇರದ ನೌಕರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಂತ ಹಾಗೆ.

ರಬ್ಬರಿನಲ್ಲಿರುವ ಗಂಧಕಕ್ಕೂ ಬೆಳ್ಳಿಗೂ ಹಾವು ಮುಂಗುಸಿಯ ಸಂಬಂಧ. ಮೊಟ್ಟೆ, ಸಾಸಿವೆ, ಉಣ್ಣೆ ಎಲ್ಲವೂ ಅದೇ ಶತ್ರುಪಾಳೆಯದವು. ಆದರೆ ರಬ್ಬರ್ ಬ್ಯಾಂಡಿನಷ್ಟು ಕುಲಗೇಡಿ ಇನ್ನೊಂದಿಲ್ಲ, ಬಟ್ಟೆ ಸುತ್ತಿ ಅದರ ಮೇಲೆ ಹಾಕಿದರೂ ಒಳಗಿಳಿದು ಮಸಿ ಬಳಿಯುತ್ತದೆ. ನಾನು ಕೂಗಾಡಲಿಲ್ಲ. ಹಿರಿಯರು, ಮೇಲಾಗಿ ಅತಿಥಿ. "ಪರವಾಗಿಲ್ಲ ಬಿಡಿ" ಎಂದೆ. ಆದರೆ ನನ್ನ ದನಿ ಕೇಳಿ ಅಡುಗೆಮನೆಯಲ್ಲಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಿನ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ನನ್ನ ಇಪ್ಪತ್ತು ವರ್ಷದ ಸಂಗ್ರಹವನ್ನೆಲ್ಲ ಹರಡಿಕೊಂಡು ಅತ್ತಿಗೆ ಕೂತಿದ್ದಾರೆ. ಪಕ್ಕದಲ್ಲಿ ಅಂಗೈ ಅಗಲದ ವಿಭೂತಿಯ ಗಟ್ಟಿ. ಊರಲ್ಲಿ ದೇವರ ಬೆಳ್ಳಿ ಸಾಮಾನು ಬೆಳಗುವುದು ಹೀಗೆಯೇ. ಚಮಚಗಳ ಮೇಲಿನ ಗೆರೆ ಮಾಯವಾಗಿತ್ತು, ಸಂತೋಷ. ಆದರೆ ಅದರ ಜೊತೆಗೆ ಬಾಲ್ಟಿಮೋರ್‌ನ ಕರ್ಕ್ ಕಂಪನಿಯ ದೊಡ್ಡ ಚಮಚದ ಕಪ್ಪೂ ಹೋಗಿತ್ತು. ಹಿಡಿಯ ತುಂಬ ಉಬ್ಬುಹೂಗಳಿರುವ ಚಮಚ ಅದು. ಎಸಳಿನ ಸಂದಿಗಳಲ್ಲಿ ನೂರು ವರ್ಷದಿಂದ ಕೂತ ಕಪ್ಪಿದ್ದರೇ ಹೂವು ಹೂವಾಗಿ ಕಾಣುವುದು. ಈಗ ಅದು ಹೂಕೋಸಿನ ಹಾಗೆ ಬೆಳ್ಳಗೆ, ಮುಖವಿಲ್ಲದೆ, ಬಿಸಿಲಲ್ಲಿ ಹೊಳೆಯುತ್ತಿತ್ತು. ಆ ಕಪ್ಪನ್ನು ತೆಗೆಯಬಾರದಿತ್ತು ಎಂದು ವಿವರಿಸಿದೆ.

ಅತ್ತಿಗೆ ಶಾಂತವಾಗಿ ಕೇಳಿಸಿಕೊಂಡರು. "ನಿನ್ನೆ ಒಂದು ಕಪ್ಪು ಬಂತು ಅಂತ ಮುಖ ಊದಿಸಿದೆ. ಇವತ್ತು ಒಂದು ಕಪ್ಪು ಹೋಯಿತು ಅಂತ. ಯಾವ ಕಪ್ಪು ಬೇಕು, ಯಾವುದು ಬೇಡ ಅಂತ ಒಂದು ಪಟ್ಟಿ ಬರೆದಿಟ್ಟುಬಿಡು" ಎಂದರು.

ನನ್ನ ಬಳಿ ಉತ್ತರವಿದೆ. ಈ ಎರಡು ಕಪ್ಪುಗಳ ನಡುವೆ ಒಂದು ತಾತ್ತ್ವಿಕ ವ್ಯತ್ಯಾಸವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅದಕ್ಕೆ ಮುಂಚೆ ಅವರ ಇನ್ನೊಂದು ಪ್ರಶ್ನೆ: "ಒಟ್ಟು ಎಷ್ಟು ಗ್ರಾಂ ಆಗಬಹುದು?" ಈ ಪ್ರಶ್ನೆ ಕೇಳಿದವರ ಜೊತೆ ನನ್ನ ಸ್ನೇಹ ಅಲ್ಲಿಂದ ಮುಂದೆ ಕುಂಟುತ್ತದೆ. ಬೇಲೂರಿಗೆ ಹೋಗಿ ಶಿಲಾಬಾಲಿಕೆ ಎಷ್ಟು ಟನ್ ತೂಗುತ್ತಾಳೆ ಎಂದು ಯಾರಾದರೂ ಕೇಳುತ್ತಾರೆಯೇ? ಗ್ರಾಂ ಲೆಕ್ಕ ಅಮೆರಿಕದವರನ್ನೂ ಬಿಟ್ಟಿಲ್ಲ ಎನ್ನಿ. ಟೆಕ್ಸಾಸಿನ ಹಂಟ್ ಸಹೋದರರು ಬೆಳ್ಳಿಯನ್ನೆಲ್ಲ ಗುಡ್ಡೆ ಹಾಕಿಕೊಳ್ಳಲು ಹೊರಟು, 1980ರ ಜನವರಿಯಲ್ಲಿ ಔನ್ಸಿನ ಬೆಲೆ 50 ಡಾಲರಿನ ಹತ್ತಿರಕ್ಕೆ ಏರಿದಾಗ, ಜನ ಅಜ್ಜಿಯರ ಚಮಚ, ಫೋರ್ಕುಗಳನ್ನು ಚೀಲದಲ್ಲಿ ತುಂಬಿಕೊಂಡು ಸಾಲು ನಿಂತರು. ಮಾರ್ಚಿನಲ್ಲಿ ಬೆಲೆ ಕುಸಿಯಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಊಟದ ಮೇಜು ಕುಲುಮೆ ಸೇರಿತ್ತು. ಅತ್ತಿಗೆ ಅಡುಗೆಮನೆಯ ತಕ್ಕಡಿ ತಂದು ತೂಗಿಯೂ ತೂಗಿದರು. ಚಾಕುಗಳನ್ನೂ ಸೇರಿಸಿ ತೂಗಿದರು. ಆ ಚಾಕುಗಳ ಅಲಗು ಉಕ್ಕು, ಹಿಡಿಯ ಬೆಳ್ಳಿ ಬರಿಯ ಹೊರಕವಚ, ಒಳಗೆ ತುಂಬಿರುವುದು ಗಾರೆಯಂಥ ಪದಾರ್ಥ. ನಾನು ಬಾಯಿ ಬಿಡಲಿಲ್ಲ. ತೂಗುವವರಿಗೆ ಅಷ್ಟಾದರೂ ಶಿಕ್ಷೆ ಬೇಡವೇ?

ಮೂರು ಹೊತ್ತೂ ಕೈಯಲ್ಲಿ ಕಲಸಿ ಉಣ್ಣುವ ನನಗೆ ಇದೆಲ್ಲ ಯಾಕೆ ಎನ್ನುವುದು ನ್ಯಾಯವಾದ ಪ್ರಶ್ನೆ. ಸಾರನ್ನಕ್ಕೆ ಚಮಚ ಹಾಕಿದರೆ ನನಗೆ ರುಚಿಯೇ ಹತ್ತುವುದಿಲ್ಲ. ಬಹುಶಃ ಅದಕ್ಕೇ ಈ ಮೋಹ. 1859ರಲ್ಲಿ ನೆವಾಡದ ಕಾಮ್‌ಸ್ಟಾಕ್‌ನಲ್ಲಿ ಬೆಳ್ಳಿಯ ನಿಕ್ಷೇಪ ಸಿಕ್ಕ ಮೇಲೆ ಈ ದೇಶದವರು ಮಾಡಿಕೊಂಡದ್ದನ್ನು ನೋಡಿ: ಸಾರ್ಡೀನ್ ಮೀನಿಗೊಂದು ಫೋರ್ಕು, ಸ್ಟ್ರಾಬೆರಿಗೊಂದು, ಐಸ್‌ಕ್ರೀಮಿಗೊಂದು, ಆಲೂಗಡ್ಡೆ ಚಿಪ್ಸ್ ಬಡಿಸಲು ಒಂದು ಮೊಗೆ, ಮೀಸೆ ನೆನೆಯದಂತೆ ಅಡ್ಡಪಟ್ಟಿ ಇರುವ ಚಮಚ, ಮಕ್ಕಳು ತಟ್ಟೆಯಲ್ಲಿದ್ದುದನ್ನು ಚಮಚಕ್ಕೆ ದೂಡಿಕೊಳ್ಳಲು ಪುಟ್ಟ ಗೋರೆ. ಒಂದೊಂದು ವಿನ್ಯಾಸದಲ್ಲಿ ನೂರಕ್ಕೂ ಮೀರಿದ ಬಗೆಗಳು. ಕೊನೆಗೆ 1920ರ ದಶಕದ ಮಧ್ಯದಲ್ಲಿ ವಾಣಿಜ್ಯ ಕಾರ್ಯದರ್ಶಿಯಾಗಿದ್ದ, ಮುಂದೆ ಅಧ್ಯಕ್ಷನೂ ಆದ ಹರ್ಬರ್ಟ್ ಹೂವರ್ ಮಧ್ಯೆ ಬಂದು, ಇನ್ನು ಮೇಲೆ 55 ಬಗೆ ಸಾಕು ಎಂದು ಶಿಫಾರಸು ಮಾಡಬೇಕಾಯಿತು. ಐವತ್ತೈದು! ನಮ್ಮ ಮದುವೆಯ ಎಲೆಯ ಮೇಲೆ ಅಷ್ಟು ಪದಾರ್ಥ ಬಡಿಸುವುದಿಲ್ಲ.

ನನ್ನ ಸಂಗ್ರಹಕ್ಕೆ ಒಂದು ನಿಯಮವಿತ್ತು, ಈಗ ಸಡಿಲವಾಗಿದೆ. ಅದು ನನ್ನ ಹೆಸರಿನ ಕತೆ. ಊರು ಕಡೂರು, ತಂದೆ ರಂಗಪ್ಪ, ನಾನು ಮಂಜುನಾಥ, ಅಂದರೆ ಕೆ. ಆರ್. ಮಂಜುನಾಥ. ವಿಮಾನ ಇಳಿದ ಕೂಡಲೇ ಇಲ್ಲಿಯವರು ಅದನ್ನು ಹಿಂದುಮುಂದು ಮಾಡಿ, ಊರನ್ನೇ ಮನೆತನ ಮಾಡಿಬಿಟ್ಟರು. ಮೂವತ್ತು ವರ್ಷ ಕಚೇರಿಯಲ್ಲಿ ನನ್ನನ್ನು "ಮಿಸ್ಟರ್ ಕಡೂರ್" ಎಂದು ಕೂಗಿದರು. ನಾನು ಇಡೀ ತಾಲ್ಲೂಕಿನ ಪರವಾಗಿ ಓಗೊಟ್ಟೆ. ಇಲ್ಲಿಯ ಹಳೆಯ ಬೆಳ್ಳಿಯ ಮೇಲೆ ಮೂರಕ್ಷರ ಕೆತ್ತಿಸುವ ಪದ್ಧತಿ ಇತ್ತು, ಮನೆತನದ ಅಕ್ಷರ ನಡುವೆ ದೊಡ್ಡದಾಗಿ. ಆ ಲೆಕ್ಕದಲ್ಲಿ ನಾನು ಎಂ.ಕೆ.ಆರ್. ಈ ಮೂರು ಅಕ್ಷರ ಇರುವ ಬೆಳ್ಳಿ ಮಾತ್ರ ಕೊಳ್ಳುವುದು ಎಂದು ತೀರ್ಮಾನಿಸಿದೆ. ಈ ನಿಯಮದಿಂದ ಮೊದಲ ಏಳು ವರ್ಷ ನಯಾಪೈಸೆ ಖರ್ಚಾಗಲಿಲ್ಲ. ಹೆಂಡತಿಗೆ ಬಹಳ ಮೆಚ್ಚಿಗೆಯಾಗಿತ್ತು.

ಎಂಟನೆಯ ವರ್ಷ ಬ್ರಿಮ್‌ಫೀಲ್ಡ್‌ಗೆ ಹೋದೆ. ಮೆಸಾಚುಸೆಟ್ಸ್‌ನ ಒಂದು ಸಣ್ಣ ಊರು. ಮೇ, ಜುಲೈ, ಸೆಪ್ಟೆಂಬರಿನಲ್ಲಿ ಹೆದ್ದಾರಿಯ ಅಕ್ಕಪಕ್ಕದ ಹೊಲಗಳಲ್ಲಿ ಹಳೆಯ ಸಾಮಾನಿನ ಜಾತ್ರೆ. ತೇರು ಒಂದಿಲ್ಲ, ಮಿಕ್ಕಿದ್ದೆಲ್ಲ ಇದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬೆಳಕು ಹರಿಯುವ ಮುಂಚೆಯೇ ಬ್ಯಾಟರಿ ಹಿಡಿದು ಕೆಸರಿನಲ್ಲಿ ಹೊರಟೆ. ಮೂರನೆಯ ಹೊಲದಲ್ಲಿ ಒಬ್ಬ ಮುದುಕ, ಮಡಚುವ ಮೇಜು, ಮೇಲೆ ಕಪ್ಪಾದ ಬೆಳ್ಳಿಯ ರಾಶಿ. ಅದರಲ್ಲಿ ಟೊಮೇಟೊ ಹೋಳು ಬಡಿಸುವ ಚಟ್ಟುಗ: ಅಂಗೈಯಷ್ಟು ದುಂಡಗೆ, ಚಪ್ಪಟೆ, ತೂತು ತೂತಿನ ಚಿತ್ತಾರ. ಹಿಂಬದಿಯಲ್ಲಿ ಸಿಂಹ, ಲಂಗರು, ಜಿ ಅಕ್ಷರ, ಅಂದರೆ ಪ್ರಾವಿಡೆನ್ಸಿನ ಗೋರಮ್ ಕಂಪನಿ. ಹಿಡಿಯ ಮೇಲೆ ಬಳ್ಳಿಬಳ್ಳಿಯಾಗಿ ಹೆಣೆದ ಮೂರು ಅಕ್ಷರ. ಬ್ಯಾಟರಿ ಹತ್ತಿರ ಹಿಡಿದೆ. ಎಂ. ಕೆ. ಆರ್. ಎದೆ ಡವಗುಟ್ಟಿತು.

ಇಲ್ಲಿ ಒಂದು ವ್ಯವಹಾರದ ಸೂಕ್ಷ್ಮವಿದೆ. ಅಕ್ಷರ ಕೆತ್ತಿದ ಬೆಳ್ಳಿಗೆ ಬೆಲೆ ಕಡಿಮೆ, ಇನ್ನೊಬ್ಬರ ಹೆಸರು ಯಾರಿಗೆ ಬೇಕು? ಕೆಲವರು ಅಕ್ಷರವನ್ನು ಉಜ್ಜಿ ಅಳಿಸಿ ಮಾರುತ್ತಾರೆ. ಅಂಥ ಜಾಗದ ಮೇಲೆ ಬಾಯಿಂದ ಬಿಸಿಯುಸಿರು ಊದಿದರೆ ಎಷ್ಟೋ ಸಲ ಸತ್ತ ಅಕ್ಷರ ಮಂಜಿನಲ್ಲಿ ಒಮ್ಮೆ ಎದ್ದು ಮಾಯವಾಗುತ್ತದೆ. ಆದ್ದರಿಂದ ನಾನು ಮುಖ ಸಿಂಡರಿಸಿ, "ಯಾರದೋ ಹೆಸರಿದೆಯಲ್ಲ" ಎಂದೆ. ಮುದುಕ 140 ಡಾಲರಿನಿಂದ 110ಕ್ಕೆ ಇಳಿದ. ನಾನು ಇನ್ನೂ ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದೆ. 95. ಗೆದ್ದೆ ಎಂದುಕೊಂಡು ಚೆಕ್ ಬರೆದು ಕೊಟ್ಟೆ. ಅವನು ಕನ್ನಡಕ ಏರಿಸಿ ಚೆಕ್ಕಿನ ಮೇಲೆ ಅಚ್ಚಾಗಿದ್ದ ಹೆಸರನ್ನು ನೋಡಿದ. ಚಟ್ಟುಗ ನೋಡಿದ. ನನ್ನನ್ನು ನೋಡಿದ. "ಮೊದಲೇ ಚೆಕ್ ತೋರಿಸಿದ್ದರೆ 200 ಕೇಳುತ್ತಿದ್ದೆ" ಎಂದ.

ನಾಲ್ಕು ಗಂಟೆ ಕಾರು ಓಡಿಸಿ ಮನೆಗೆ ಬಂದು ಹೆಂಡತಿಯ ಮುಂದಿಟ್ಟೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು, "ಇದು ಎನ್. ಇದು ಎಚ್. ಕೊನೆಯದು ಆರ್ ಇರಬಹುದು, ಬಿ ಕೂಡ ಇರಬಹುದು" ಎಂದಳು. ತಲೆಕೆಳಗು ಮಾಡಿ, "ಹೀಗೆ ನೋಡಿದರೆ ಶ್ರೀ" ಎಂದಳು. ಅದು ಎಂಕೆಆರ್ ಅಲ್ಲ ಎಂದು ನಾನು ಇಂದಿಗೂ ಒಪ್ಪಿಲ್ಲ. ಒಪ್ಪಿದರೂ ಅದು ಒಂದು ಹೆಣ್ಣಿನ ಅಕ್ಷರ ಅಷ್ಟೇ. ಆ ಕಾಲದಲ್ಲಿ ಮದುವೆಯ ಬೆಳ್ಳಿಗೆ ಹಾಕಿಸುತ್ತಿದ್ದುದು ಸಾಮಾನ್ಯವಾಗಿ ವಧುವಿನ ತವರಿನ ಹೆಸರನ್ನು, ಮರುದಿನವೇ ಅವಳು ಬಿಟ್ಟುಕೊಡಲಿದ್ದ ಹೆಸರನ್ನು. ನಮ್ಮಲ್ಲಿ ಹಾಗಲ್ಲ. ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕುಟ್ಟುವುದು ಕೊಟ್ಟವರ ಹೆಸರನ್ನು. ನಮ್ಮ ಮನೆಯ ಕೊಳಗದ ಮೇಲೆ ತರೀಕೆರೆಯ ಸೋದರಮಾವನ ಹೆಸರು, ಇಸವಿ, "ಪ್ರೀತಿಯ ಉಡೂಗರೆ" ಎಂಬ ತಪ್ಪು ಕಾಗುಣಿತ ಎಲ್ಲವೂ ಇದೆ. ಅದು ಯಾರ ಮದುವೆಗೆ ಎಂಬುದು ಮಾತ್ರ ಇಲ್ಲ. ಅಮ್ಮ ಪ್ರತಿ ಹಬ್ಬಕ್ಕೂ ಅದರಲ್ಲಿ ಪಾಯಸ ಮಾಡುವಾಗ ಸೋದರಮಾವನ ಜಿಪುಣತನವನ್ನು ನೆನೆಯುತ್ತಿದ್ದಳು.

ಆ ಚಟ್ಟುಗ ಹನ್ನೆರಡು ವರ್ಷ ಬೀರುವಿನಲ್ಲೇ ಇತ್ತು. ಕಳೆದ ಭಾನುವಾರ ಅಡುಗೆಮನೆಯಿಂದ ಅಂಬೊಡೆಯ ಪರಿಮಳ ಬಂತು. ಹೋಗಿ ನೋಡಿದರೆ ತಟ್ಟೆಯಿಂದ ಎಲೆಗೆ ಅಂಬೊಡೆ ದಾಟಿಸುತ್ತಿದ್ದ ಅತ್ತಿಗೆಯ ಕೈಯಲ್ಲಿ ನನ್ನ ಎಂಕೆಆರ್.

"ತೂತು ಸರಿಯಾಗಿದೆ, ಎಣ್ಣೆ ಚೆನ್ನಾಗಿ ಸೋರುತ್ತದೆ" ಎಂದರು. "ಇಷ್ಟು ದಿನ ಇದನ್ನು ಯಾಕೆ ಒಳಗಿಟ್ಟಿದ್ದೆ?"

ಎರಡು ಕಪ್ಪುಗಳ ವಿಷಯ ಹೇಳುತ್ತೇನೆ ಎಂದಿದ್ದೆ. ಅಂಬೊಡೆ ಆರಿಹೋಗುತ್ತದೆ.