ಬಣ್ಣ ಹಚ್ಚುವವರು ಯಾರು?

ನಗರಾಡಳಿತದ ಹತ್ತು ವರ್ಷದ ಗುರಿಗಳಲ್ಲಿ ಯಾವುದು ಸರಿಯಾಗಿ ಸಾಗಿದೆ, ಯಾವುದು ಹಿಂದೆ ಬಿದ್ದಿದೆ ಎಂದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತೋರಿಸಿದರೆ ಜನರಿಗೆ ಎಲ್ಲ ತಿಳಿಯುತ್ತದೆ ಎನ್ನುತ್ತದೆ ನಾನು ಓದಿದ ಒಂದು ಲೇಖನ. ನನಗೆ ಅನುಮಾನ. ಬಣ್ಣ ಹಚ್ಚುವವರು ಆ ಕೆಲಸ ಮಾಡಬೇಕಾದ ಇಲಾಖೆಯವರೇ ಅಲ್ವಾ? ಇಷ್ಟು ಕಿಲೋಮೀಟರ್ ಪೈಪ್ ಹಾಕಿದೆವು ಎಂದು ಬರೆಯುತ್ತಾರೆ. ಎಷ್ಟು ಮನೆಗೆ ದಿನವೂ ನೀರು ಬಂತು, ಸೋರಿಕೆ ಎಷ್ಟು ಇಳಿಯಿತು ಅಂತ ಬರೆಯುವುದು ಕಡಿಮೆ. ಶುರುವಿನ ವರ್ಷದ ಅಂಕಿ ಪಕ್ಕದಲ್ಲಿ ಇಲ್ಲದಿದ್ದರೆ ಶೇಕಡಾವಾರು ಸುಮ್ನೆ ಅಲಂಕಾರ. ಗಡುವು ಮುಂದೆ ಹಾಕಿದರೆ ಹಳೇ ತಾರೀಖನ್ನೂ ಅಳಿಸಬಾರದು.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 2000ದಲ್ಲಿ ಶುರುವಾದ ಸಿಟಿಸ್ಟ್ಯಾಟ್ ಎಂಬ ಕೆಲಸ ಪರಿಶೀಲನೆಯ ವ್ಯವಸ್ಥೆಯಲ್ಲಿ ಇಲಾಖೆ ಮುಖ್ಯಸ್ಥರು ಎರಡು ವಾರಕ್ಕೊಮ್ಮೆ ಸಭೆಯಲ್ಲಿ ಅಂಕಿಅಂಶ ಹಿಡಿದು ಮೇಯರ್ ತಂಡಕ್ಕೆ ಉತ್ತರ ಕೊಡಬೇಕಿತ್ತು. ರಸ್ತೆ ಗುಂಡಿ ಮುಚ್ಚಿಸಲು ಅದು ಸರಿ. ದೀರ್ಘಾವಧಿ ಗುರಿಗೆ ಮೂರು ತಿಂಗಳಿಗೊಮ್ಮೆ ಸಾಕು, ಆದರೆ ಸಭೆ ಜನರೆದುರೇ ನಡೆಯಲಿ.